ಒಡೆಯದ ಮಣ್ಣುಂಡೆ

ನಮ್ಮ ತಲೆಯ ಮೇಲೆ ಇನ್ನೊಂದು ಸಲ ಮಣ್ಣಿಡಲು ಅವರು ಬಂದಾಗ ನಾನು ಒಲೆ ಮುಂದೆ ಮುದ್ದೆ ತಿರುವುತ್ತಿದ್ದೆ.

ಇಬ್ಬರು ಬಂದಿದ್ದರು. ಒಬ್ಬ ಕಾಂತರಾಜು. ಹೊಸ ತೊರೆಗುಡ್ಲಿನ ದೊಡ್ಡ ಮನೆಯವನು, ಹಿಂದಿನ ಪಟೇಲರ ಮಗ, ಎರಡು ಸಲ ಪಂಚಾಯ್ತಿ ಅಧ್ಯಕ್ಷನಾಗಿದ್ದವನು. ಇನ್ನೊಬ್ಬರು ಲಕ್ಷ್ಮೀನರಸಿಂಹ ಮೇಷ್ಟ್ರು. ನನಗೆ ಏಳನೇ ಕ್ಲಾಸಿನವರೆಗೆ ಪಾಠ ಹೇಳಿದವರು, ಈಗ ರಿಟೈರಾಗಿ ಅರಕಲಗೂಡಿನಲ್ಲಿದ್ದಾರೆ.

ಕಾಂತರಾಜು ಹೊಸ್ತಿಲು ದಾಟಲಿಲ್ಲ. ಓಟು ಕೇಳಲು ಬಂದಾಗ ಮಾತ್ರ ದಾಟುತ್ತಾನೆ. ಆಗ ಫೋಟೋ ತೆಗೆಯುವವರು ಜೊತೆಗಿರುತ್ತಾರೆ.

"ಪುಟ್ಟತಾಯಿ, ನಿಮ್ಮಪ್ಪನ್ನ ಪುಸ್ತಕಕ್ಕೆ ಆಕ್ತಾ ಇದೀವಿ ಕಣಮ್ಮಿ," ಅಂದ. "ಆದ್ರೆ ಅವಂದು ಒಂದು ಫೋಟೋನೂ ಇಲ್ಲ. ಅದ್ಕೆ ನೀನು ಉಂಡೆ ಒತ್ಕೊಂಡು ಎಲ್ಲೆ ನಡೀಬೇಕು. ವಿಡಿಯೋ ತಗೀತೀವಿ."

ಮುದ್ದೆ ಕೋಲು ನನ್ನ ಕೈಯಲ್ಲೇ ನಿಂತಿತು. ಬಲಗಿವಿಯ ಹಿಂದೆ ಒಂದು ಹನಿ ನೀರು ಇಳಿದ ಹಾಗಾಯಿತು. ಒರೆಸಿಕೊಂಡೆ. ಕೈ ಒಣಗಿತ್ತು. ನಲವತ್ತೆಂಟು ವರ್ಷದಿಂದ ಹೀಗೇ.

ಅವರು ಕೇಳಿದ್ದೇನು ಅಂತ ಹೊರಗಿನವರಿಗೆ ತಿಳಿಯುವುದಿಲ್ಲ. ಬಿಡಿಸಿ ಹೇಳುತ್ತೇನೆ.

ನನ್ನಪ್ಪ ದೇವಯ್ಯ ಊರಿನ ಕುಳವಾಡಿ. ಸತ್ತ ದನ ಎಳೆಯುವುದು, ಸಾವಿನ ಸುದ್ದಿ ಹೊತ್ತು ಊರೂರಿಗೆ ಓಡುವುದು, ಅಧಿಕಾರಿಗಳು ಬಂದರೆ ಅವರ ಕುದುರೆಗೆ ಹುಲ್ಲು ತರುವುದು, ಎಲ್ಲವೂ ನಮ್ಮ ಮನೆತನದ ಚಾಕರಿ. ಇವುಗಳ ಜೊತೆಗೆ ಇನ್ನೊಂದು ಕೆಲಸ ಇತ್ತು. ಊರಿನವರು ಅದನ್ನು ಮರ್ಯಾದೆಯ ಕೆಲಸ ಅನ್ನುತ್ತಿದ್ದರು. ಎರಡು ಊರಿನವರು ಗಡಿಗಾಗಿ ಜಗಳವಾಡಿದರೆ ಕುಳವಾಡಿಯನ್ನು ಕರೆಯುತ್ತಿದ್ದರು. ಊರ ಕೆರೆಯ ಮಣ್ಣನ್ನು ತಲೆಗಾತ್ರದ ಉಂಡೆ ಮಾಡಿ, ಮೇಲೆ ಗುಳಿ ತೋಡಿ, ಗುಳಿಗೆ ನೀರು ತುಂಬಿ, ಅವನ ತಲೆಯ ಮೇಲೆ ಇಡುತ್ತಿದ್ದರು. ಅವನು ಎಲ್ಲೆಯ ಮೇಲೆ ನಡೆಯಬೇಕು. ಹೆಜ್ಜೆ ಎಲ್ಲೆಯ ಮೇಲಿದ್ದರೆ ಉಂಡೆ ನಿಲ್ಲುತ್ತದೆ, ತಪ್ಪಿದರೆ ಒಡೆಯುತ್ತದೆ. ಇಡೀ ವರ್ಷ ನಮ್ಮನ್ನು ಮುಟ್ಟದವರು ಆ ಒಂದು ದಿನ ನಮ್ಮ ಹಿಂದೆ ನಡೆಯುತ್ತಿದ್ದರು.

ಒಡೆದರೆ ಬೆನ್ನೂ ಒಡೆಯುತ್ತಿತ್ತು. ನನ್ನ ತಾತನ ಉಂಡೆ ಒಂದು ಸಲ ಒಡೆದಿತ್ತು. ಬಿಸಿಲು ಹೆಚ್ಚಾಗಿ ಮಣ್ಣು ಬಿರಿದಿತ್ತು, ಅಷ್ಟೇ. ಸುಳ್ಳು ನಡೆದೆ ಅಂತ ಊರಬಾಗಿಲ ಕಲ್ಲಿಗೆ ಕಟ್ಟಿ ಹುಣಸೆ ಬರಲಿನಲ್ಲಿ ಹೊಡೆದರು. ಆ ಬೆನ್ನನ್ನು ನಾನು ನೋಡಿದ್ದೇನೆ. ಉತ್ತ ಹೊಲದ ಹಾಗಿತ್ತು.

ನನಗೆ ಒಂಬತ್ತು ವರ್ಷ. ಹೊಳೆಗೆ ಅಣೆ ಕಟ್ಟುತ್ತಿದ್ದರು. ಅಪ್ಪ ಅವ್ವ ಇಬ್ಬರೂ ಅಲ್ಲಿ ಮಣ್ಣು ಹೊರುತ್ತಿದ್ದರು. ನಮ್ಮನ್ನು ಮುಳುಗಿಸುವ ಕಟ್ಟೆಗೆ ನಾವೇ ಮಣ್ಣು ಹೊತ್ತೆವು ಅಂತ ಅವ್ವ ಮುಂದೆ ಹೇಳುತ್ತಿದ್ದಳು. ಆಗ ಯಾರಿಗೂ ಗೊತ್ತಿರಲಿಲ್ಲ. ಕೂಲಿ ಸಿಗುತ್ತೆ ಅಂತ ಹೋಗುತ್ತಿದ್ದರು.

ಮುಳುಗುವ ಊರುಗಳ ಅಳತೆಗೆ ಸರ್ವೆಯವರು ಬಂದರು. ತೊರೆಗುಡ್ಲಿನ ಹಳೇ ನಕ್ಷೆಯನ್ನು ಗೆದ್ದಲು ತಿಂದಿತ್ತು. ಪಕ್ಕದೂರಿನವರು ಗಡಿ ಇಲ್ಲಲ್ಲ, ಅಲ್ಲಿ ಅಂತ ಜಗಳ ತೆಗೆದರು. ಕಾಂತರಾಜುವಿನ ಅಪ್ಪ ಪಟೇಲರು, "ನಕ್ಸೆ ಯಾಕ್ ಸಾ? ನಮ್ಮ ಕುಳವಾಡಿ ಅವ್ನೆ," ಅಂದರು. ಸರ್ವೆಯವರು ಒಪ್ಪಿದರು. ಅವರಿಗೂ ಬೇಗ ಮುಗಿದರೆ ಸಾಕಾಗಿತ್ತು.

ಕೆರೆಮಣ್ಣನ್ನು ಪಟೇಲರ ಆಳು ತಂದು ನಮ್ಮ ಅಂಗಳದಾಚೆ ಸುರಿದು ಹೋದ. ಉಂಡೆ ಕಟ್ಟುವುದು ಕುಳವಾಡಿ ಮನೆಯ ಹೆಂಗಸಿನ ಕೆಲಸ. ಅವ್ವ ಬಾಣಂತಿ. ನಾನು ಕಟ್ಟಿದೆ.

ನನ್ನ ಕಣ್ಣ ಮುಂದೆ ತಾತನ ಬೆನ್ನಿತ್ತು. ಅವ್ವ ಒಲೆ ಹಾಕುವಾಗ ಮಣ್ಣಿಗೆ ಆಡಿನ ಕೂದಲು ಕತ್ತರಿಸಿ ಬೆರೆಸುತ್ತಿದ್ದಳು, ಬೆಂಕಿಗೆ ಬಿರಿಯದಿರಲಿ ಅಂತ. ನಾನೂ ಬೆರೆಸಿದೆ. ನಮ್ಮ ಕರಿ ಆಡಿನ ಕೂದಲನ್ನು ಎರಡು ಹಿಡಿ ಕತ್ತರಿಸಿ, ಯಾರಿಗೂ ಕಾಣದ ಹಾಗೆ, ಹಿತ್ತಲಲ್ಲಿ ತುಳಿದು ನಾದಿದೆ. ನನ್ನಪ್ಪನಿಗೆ ಯಾರೂ ಹೊಡೆಯಬಾರದು. ನನ್ನ ತಲೆಯಲ್ಲಿ ಇದ್ದದ್ದು ಇಷ್ಟೇ.

ಅಪ್ಪ ನಡೆದ. ಬರಿಗಾಲು, ಹೆಗಲ ಮೇಲೆ ಕಂಬಳಿ, ತಲೆಯ ಮೇಲೆ ನನ್ನ ಉಂಡೆ. ಹಿಂದೆ ಒಬ್ಬ ಸುಣ್ಣ ಚೆಲ್ಲುತ್ತ ಬಂದ. ಅವನ ಹಿಂದೆ ಎರಡೂ ಊರು. ಮಾವಿನತೋಪು, ಪಟೇಲರ ಗದ್ದೆ, ದೇವಸ್ಥಾನದ ಇನಾಮ್ ಭೂಮಿ ಎಲ್ಲವನ್ನೂ ಸುತ್ತಿ ನಮ್ಮ ಕೇರಿಯ ಹತ್ತಿರ ಬಂದ. ಊರಿಗೂ ಕೇರಿಗೂ ನಡುವೆ ಕಳ್ಳಿಬೇಲಿ ಇತ್ತು. ಅಪ್ಪ ಬೇಲಿಯ ಗುಂಟ ತಿರುಗಿದ. ಕೇರಿ ಅವನ ಎಡಕ್ಕೆ ಉಳಿಯಿತು, ಸುಣ್ಣದ ಗೆರೆಯಿಂದ ಹೊರಗೆ.

ಅವನು ಮೋಸ ಮಾಡಲಿಲ್ಲ. ಅವನಿಗೆ ಕಲಿಸಿದ್ದೇ ಹಾಗೆ. ಅವನಪ್ಪನಿಗೂ ಹಾಗೆಯೇ. ಊರು ಅಂದರೆ ಬೇಲಿಯ ಆಚೆ ಇರುವುದು. ನಾವು ಊರಿಗೆ ಸೇರಿದವರು, ಊರಿನವರಲ್ಲ. ನನ್ನ ಮುಂದೆಯೇ ಹಾದುಹೋದ. ಕಿವಿಯ ಹಿಂದೆ ನೀರಿನ ಒಂದು ಎಳೆ ಇಳಿಯುತ್ತಿತ್ತು. ಉಂಡೆ ಬಿರಿಯಲಿಲ್ಲ. ನಾನು ಕುಣಿದಾಡಿದೆ.

ಆರು ತಿಂಗಳಿಗೆ ಮುಳುಗಡೆ ಪಟ್ಟಿ ಬಂತು. ಅರಳಿಕಟ್ಟೆ ಹತ್ತಿರ ಓದಿದರು. ಅಪ್ಪ ದೂರದಲ್ಲಿ ಕೈಕಟ್ಟಿ ನಿಂತಿದ್ದ, ಹೆಸರು ಕರೆದರೆ ಓಗೊಡಲು. ಓದಿ ಮುಗಿಯಿತು. ಕೇರಿಯ ಮೂವತ್ತೊಂದು ಮನೆಯಲ್ಲಿ ಒಂದು ಹೆಸರೂ ಇರಲಿಲ್ಲ. ಕೇರಿಯ ಆಚೆ ತೊರೆ, ತೊರೆಯ ಆಚೆ ದಡದಿಂದ ಪಕ್ಕದೂರು. ನಾವು ಯಾವ ಊರಲ್ಲೂ ಇರಲಿಲ್ಲ.

ಅಪ್ಪ ಬಾಯಿ ತೆರೆದ. ಪಟೇಲರು ಅವನನ್ನು ನೋಡಿ ಕೇಳಿದ್ದು ನನಗೆ ಇವತ್ತಿಗೂ ಕೇಳಿಸುತ್ತದೆ.

"ಎಲ್ಲೆ ನಡ್ದೋನು ನೀನೇ ಅಲ್ವೇನ್ಲಾ ದೇವ? ಉಂಡೆ ಒಡೀತಾ?"

"ಇಲ್ಲ ಬುದ್ಧಿ," ಅಂದ ಅಪ್ಪ.

ನೀರು ಬಂತು. ನೀರಿಗೆ ಸುಣ್ಣದ ಗೆರೆ ಕಾಣಲಿಲ್ಲ. ಕೇರಿ ತಗ್ಗಿನಲ್ಲಿತ್ತು, ಮೊದಲು ನಾವೇ ಮುಳುಗಿದೆವು. ಊರಿನವರಿಗೆ ದಿಣ್ಣೆಯ ಮೇಲೆ ಹೊಸ ತೊರೆಗುಡ್ಲು ಕಟ್ಟಿಕೊಟ್ಟರು. ನಾವು ನೀರು ನಿಂತ ಅಂಚಿನಲ್ಲಿ ಸೋಗೆ ಹೊದಿಸಿಕೊಂಡು ಕೂತೆವು. ಇವತ್ತಿಗೂ ಅಲ್ಲೇ ಇದ್ದೇವೆ. ಹೆಸರು ನೀರಂಚು ಕಾಲೋನಿ.

ಅಪ್ಪ ಆಮೇಲೆ ಮೂವತ್ತು ವರ್ಷ ಬದುಕಿದ. ತಲೆಯ ಮೇಲೆ ಏನನ್ನೂ ಇಟ್ಟುಕೊಳ್ಳಲಿಲ್ಲ. ಸೌದೆ ಹೊರೆಯನ್ನು ನೆಲದ ಮೇಲೆ ಎಳೆದು ತರುತ್ತಿದ್ದ. ಬಿಸಿಲಿಗೆ ಟವಲ್ಲೂ ಸುತ್ತುತ್ತಿರಲಿಲ್ಲ. ಮಟಮಟ ಮಧ್ಯಾಹ್ನ ಮೊಣಕಾಲುದ್ದ ನೀರಿಗಿಳಿದು, ನೆತ್ತಿಯ ಮೇಲೆ ಅಂಗೈ ಇಟ್ಟುಕೊಂಡು ನಿಲ್ಲುತ್ತಿದ್ದ. "ಒಡೀನಿಲ್ಲವಲ್ಲವ್ವ," ಅನ್ನುತ್ತಿದ್ದ ನನ್ನ ಕಡೆ ತಿರುಗಿ. "ಮೂವತ್ತೊಂದು ಮನೇನ ಆಚ್ಗೆ ಬುಟ್ಟು ನಡ್ದೆ. ಆ ಮಣ್ಣು ಯಾಕವ್ವ ಒಡೀನಿಲ್ಲ?"

ನಾನು ಹೇಳಬೇಕಿತ್ತು. ಮದುವೆಯಾದೆ, ಮಗನನ್ನು ಹೆತ್ತೆ, ಗಂಡನನ್ನು ಕಳಕೊಂಡೆ, ಮಣ್ಣು ಹೊತ್ತು ಹೊತ್ತು ನೆತ್ತಿಯ ಕೂದಲು ಉದುರಿತು. ಹೇಳಲಿಲ್ಲ. ಅಪ್ಪನ ಹತ್ತಿರ ಉಳಿದಿದ್ದು ಒಂದೇ. ಸತ್ಯವಂತ ಕುಳವಾಡಿ ಅಂತ ಜನ ಕರೆಯುತ್ತಿದ್ದರು. ಅದನ್ನು ಹೇಗೆ ಕಿತ್ತುಕೊಳ್ಳಲಿ? ಸಾಯುವಾಗ ಅವನು, "ನೀರು ಸೋರ್ತಾ ಅದೆ ಕಣವ್ವ, ಒರ್ಸು," ಅಂದ. ಒಣಗಿದ ಹಣೆಯನ್ನು ಸೆರಗಿನಿಂದ ಒರೆಸಿದೆ. ಮಾರನೆಯ ದಿನದಿಂದ ನೀರು ನನ್ನ ಕಿವಿಯ ಹಿಂದೆಯೇ ಜಾಸ್ತಿ ಸೋರತೊಡಗಿತು.

ಈ ಬೇಸಿಗೆ ಹಿನ್ನೀರು ಎಂದೂ ಇಳಿಯದಷ್ಟು ಇಳಿಯಿತು. ಹಳೇ ತೊರೆಗುಡ್ಲು ಮೇಲೆದ್ದಿತು. ಮೊದಲು ದೇವಸ್ಥಾನದ ಜಗುಲಿ, ಆಮೇಲೆ ಊರಬಾಗಿಲ ಕಲ್ಲು, ಕೊನೆಗೆ ನಮ್ಮ ಕೇರಿ. ನಾನು ಇಳಿದು ಹೋದೆ. ನಮ್ಮ ಒರಳುಕಲ್ಲು ಇದ್ದಲ್ಲೇ ಇತ್ತು, ಗುಂಡಿಯ ತುಂಬ ಕಪ್ಪೆಚಿಪ್ಪು. ಬೇಲಿಗೆ ನೆಟ್ಟಿದ್ದ ಮೋಟು ಕಲ್ಲುಗಳು ಸಾಲಾಗಿ ನಿಂತಿದ್ದವು. ವಾಪಸು ಬರುವಾಗ ಹಿಂದೆ ಯಾರೋ ಕೆಸರಿನಿಂದ ಕಾಲು ಕಿತ್ತು ಇಡುವ ಸದ್ದು ಕೇಳಿಸಿತು. ತಿರುಗಿದೆ. ಯಾರೂ ಇಲ್ಲ. ಅಪ್ಪನ ನಡಿಗೆ ನನಗೆ ಗೊತ್ತಿಲ್ಲವೇ? ಎಡಗಾಲು ತಡೆದು ಇಡುತ್ತಿದ್ದ. ಹೆದರಿಕೆಯಾಯಿತು, ಓಡಿದೆ.

ಊರು ಎದ್ದಿದ್ದನ್ನು ನೋಡಿ ದಿಣ್ಣೆಯವರಿಗೆ ನೆನಪು ಉಕ್ಕಿತು. ನೆನಪಿನ ಸಮಿತಿ ಮಾಡಿದರು. ಹಳಬರ ನೆನಪುಗಳ ಪುಸ್ತಕ ತರುತ್ತೇವೆ ಅಂತ ಶಾಲೆಯಲ್ಲಿ ಸಭೆ ಕರೆದರು. ನಾನೂ ಹೋಗಿ ಬಾಗಿಲ ಹತ್ತಿರ ಕೂತೆ. ಮೇಷ್ಟ್ರು ಬರೆದುಕೊಳ್ಳುತ್ತಿದ್ದರು. ಒಬ್ಬರು ಆಲೆಮನೆಯ ಬಿಸಿ ಬೆಲ್ಲ ನೆನೆದರು. ಒಬ್ಬರು ಮಾವಿನತೋಪಿನ ಉಯ್ಯಾಲೆ. ಒಬ್ಬರು ಕೆರೆಯ ನೀರಿನ ರುಚಿ ನೆನೆದು ಕಣ್ಣೊರೆಸಿಕೊಂಡರು. ಆ ನೀರು ಹೇಗಿತ್ತೋ ನನಗೆ ಗೊತ್ತಿಲ್ಲ, ನಮಗೆ ಮುಟ್ಟಲು ಬಿಡುತ್ತಿರಲಿಲ್ಲ. ಅಪ್ಪನನ್ನೂ ನೆನೆದರು. ಎಂಥಾ ಸತ್ಯವಂತ, ತಲೆಯ ಮೇಲಿನ ಮಣ್ಣು ಅಲುಗಲಿಲ್ಲ, ಅಂದರು. ಮೂರು ತಾಸಿನ ನೆನಪಿನಲ್ಲಿ ಹೊಲಗೇರಿ ಒಂದು ಸಲವೂ ಬರಲಿಲ್ಲ. ಕುಳವಾಡಿ ಇದ್ದ, ಅವನಿಗೆ ಮನೆ ಇರಲಿಲ್ಲ.

ನನಗೆ ರೇಗಿತು. ಎದ್ದು, "ಸಾ, ನಮ್ಮ ಕೇರೀನೂ ಬರ್ಕೊಳಿ," ಅಂದೆ. ಮೇಷ್ಟ್ರು ತಲೆ ಎತ್ತಿದರು. ಕಾಂತರಾಜು, "ಅದುನ್ನ ಆಮ್ಯಾಕೆ ನೋಡವ," ಅಂದ. ಕಾಫಿ ಬಂತು.

ಅದೇ ವಾರ ನಮ್ಮ ಬಾಗಿಲುಗಳಿಗೆ ನೋಟೀಸು ಅಂಟಿತು. ಸೊಸೆ ಭವ್ಯಶ್ರೀ ಓದಿ ಹೇಳಿದಳು. ನೀರಂಚಿನ ಮೂವತ್ತೊಂದು ಮನೆ ಒತ್ತುವರಿ. ಇಲ್ಲಿ ದೋಣಿ ವಿಹಾರ ಆಗಲಿದೆ. ಹಳೇ ತೊರೆಗುಡ್ಲಿನಲ್ಲಿ ವಾಸವಿದ್ದೆವು ಅಂತ ತೋರಿಸಿದವರು ಉಳಿಯಬಹುದು, ಉಳಿದವರು ಖಾಲಿ ಮಾಡಬೇಕು. ಪಟ್ಟಿಯಲ್ಲಿ ಹೆಸರಿಲ್ಲ, ನಕ್ಷೆಯಲ್ಲಿ ಕೇರಿ ಇಲ್ಲ. ಏನು ತೋರಿಸುವುದು? ಮೇಷ್ಟ್ರ ಪುಸ್ತಕವನ್ನೂ ವಿಡಿಯೋವನ್ನೂ ಹಳಬರ ಹೇಳಿಕೆ ಅಂತ ನೋಡುತ್ತೇನೆ ಎಂದು ನೋಟೀಸು ಕೊಟ್ಟ ಸಾಹೇಬರು ಹೇಳಿದ್ದಾರಂತೆ. ದೋಣಿ ವಿಹಾರದ ಗುತ್ತಿಗೆ ಕಾಂತರಾಜುವಿನ ತಮ್ಮನದು.

ಈಗ ಗೊತ್ತಾಯಿತಲ್ಲ, ಅವರು ನನ್ನ ಮನೆಗೆ ಯಾಕೆ ಬಂದರು ಅಂತ. ಕುಳವಾಡಿ ಮಗಳೇ ಹಳೇ ಎಲ್ಲೆ ನಡೆದು ತೋರಿಸಿದರೆ, ಕೇರಿ ಊರಿನಲ್ಲಿ ಇರಲೇ ಇಲ್ಲ ಅಂತ ನಾವೇ ಹೇಳಿದ ಹಾಗೆ.

"ನಿನ್ನ ನಾನು ಬೀದಿಗೆ ಬುಡಲ್ಲ," ಅಂದ ಕಾಂತರಾಜು ತಗ್ಗಿದ ದನಿಯಲ್ಲಿ. "ದಿಣ್ಣೆ ಮ್ಯಾಲೆ ಸೈಟು ಕೊಡುಸ್ತೀನಿ. ನಿಮ್ಮಪ್ಪ ನಡ್ದಂಗೆ ನಡೆ, ಸಾಕು."

ಮೇಷ್ಟ್ರು ನೆಲ ನೋಡುತ್ತಿದ್ದರು. "ನೋಡಮ್ಮ, ನಿನಗೆ ಇಷ್ಟವಿದ್ದರೆ," ಅಂದರು ಅಷ್ಟೇ.

"ಬತ್ತೀನಿ," ಅಂದೆ.

ಅವರು ಹೋದ ಮೇಲೆ ಭವ್ಯಶ್ರೀ ಒಳಗಿನಿಂದ ಬಂದಳು. ಮುಖ ಕೆಂಪಾಗಿತ್ತು. "ಓಗ್ತೀರಾ ಅತ್ತೆ? ಮೂವತ್ತು ಮನೆ ಬೀದಿಗ್ ಬೀಳ್ತವೆ."

"ಓಗ್ತೀನಿ ಕಣವ್ವ. ಎಲ್ರಿಗೂ ದಡಕ್ಕೆ ಬರಾಕೇಳು."

ಅವಳು ನನ್ನನ್ನು ನಂಬಲಿಲ್ಲ. ಆ ದಿನ ನನ್ನ ತಟ್ಟೆಗೆ ಸಾರು ಬಡಿಸಲಿಲ್ಲ.

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಹಿನ್ನೀರಿನ ಬಿರಿದ ನೆಲಕ್ಕೆ ಇಳಿದೆ. ದಿಣ್ಣೆಯವರು ಕೊಡೆ ಹಿಡಿದು ಬಂದಿದ್ದರು. ಹೊಳೆನರಸೀಪುರದ ಸ್ಟುಡಿಯೋದ ಸುದರ್ಶನ್ ಡ್ರೋನ್ ಜೋಡಿಸುತ್ತಿದ್ದ. ಕಾಂತರಾಜು ನನ್ನ ಹೆಗಲಿಗೆ ಒಂದು ಕಂಬಳಿ ಎಸೆದ. ಆಮೇಲೆ ನನ್ನ ಕಾಲು ನೋಡಿದ.

"ಚಪ್ಪಲಿ ಬುಡಮ್ಮಿ. ಆವಾಗ ಆಕ್ಕಳಂಗಿರ್ನಿಲ್ಲ. ನೆನಪು ಕರೆಕ್ಟಾಗಿರ್ಬೇಕು."

ಬಿಟ್ಟೆ. ನೆಲ ಸುಡುತ್ತಿತ್ತು. ಐವತ್ತೇಳು ವರ್ಷದ ಹೆಂಗಸನ್ನು ಬರಿಗಾಲಲ್ಲಿ ನಿಲ್ಲಿಸಿ ಅವರು ಬೆಳಕು ಸರಿಯಿದೆಯಾ ಅಂತ ನೋಡಿದರು. ನಾನು ಮಣ್ಣಿಗೆ ಬಗ್ಗಿದೆ, ಉಂಡೆ ಕಟ್ಟಲು. ಕಾಂತರಾಜು ತಡೆದ.

"ಅದೆಲ್ಲ ಯಾಕೆ? ರೆಡಿ ಮಾಡ್ಸಿ ತಂದಿವ್ನಿ."

ಜೀಪಿನಿಂದ ಉಂಡೆ ಬಂತು. ಚೆಂದದ ಉಂಡೆ, ಕೆಮ್ಮಣ್ಣು ಬಳಿದಿತ್ತು, ಗುಳಿಯಲ್ಲಿ ನೀರು ತುಂಬಿದರು. ನನ್ನ ತಲೆಯ ಮೇಲೆ ಇಟ್ಟಾಗ ಕತ್ತು ಕುಸಿಯಿತು. ನಾನು ಎಷ್ಟು ವರ್ಷ ಮಣ್ಣು ಹೊತ್ತವಳು! ಇದು ಮಣ್ಣಿನ ತೂಕವಲ್ಲ.

"ಏನ್ ಬೆರೆಸಿದೀರ ಇದ್ಕೆ?"

"ಸಿಮೆಂಟು. ನಡುದಾರೀಲಿ ಒಡ್ದೋದ್ರೆ ವಿಡಿಯೋ ಕೆಟ್ಟೋಯ್ತದೆ," ಅಂದ ಅವನು, ಏನೂ ಅಲ್ಲ ಅನ್ನುವ ಹಾಗೆ.

ನನಗೆ ನಗು ಬಂತು. ಹೊಟ್ಟೆಯ ಆಳದಿಂದ ಬಂತು, ಅಳುವಿನ ಹಾಗೆ. ತಡೆದುಕೊಂಡು ನಡೆದೆ.

ಮಾವಿನತೋಪಿನ ಬುಡಗಳನ್ನು ದಾಟಿದೆ. ಪಟೇಲರ ಗದ್ದೆಯ ಬದು ದಾಟಿದೆ. ತಲೆಯ ಮೇಲೆ ಡ್ರೋನ್ ಗುಂಯ್ಗುಡುತ್ತಿತ್ತು. ಅದರ ಸದ್ದಿನ ಕೆಳಗೆ ಇನ್ನೊಂದು ಸದ್ದು. ನೆಲ ಇಲ್ಲಿ ಒಣಗಿ ಬಿರಿದಿದೆ, ಕೆಸರೇ ಇಲ್ಲ. ಆದರೂ ನನ್ನ ಹಿಂದೆ ಕೆಸರಿನಿಂದ ಕಾಲು ಕಿತ್ತು ಇಡುತ್ತಿದ್ದಾನೆ. ಎಡಗಾಲು ತಡೆದು. ಈ ಸಲ ನಾನು ಓಡಲಿಲ್ಲ. ಬಾ ಅಪ್ಪ, ಜೊತೆಗೇ ಬಾ, ಅಂದೆ ಮನಸ್ಸಿನಲ್ಲಿ.

ಬೇಲಿಯ ಮೋಟುಕಲ್ಲುಗಳು ಬಂದವು. ಅಪ್ಪ ತಿರುಗಿದ ಜಾಗ. ದಡದ ಮೇಲೆ ನಮ್ಮ ಕೇರಿಯವರು ಸಾಲಾಗಿ ನಿಂತಿದ್ದರು. ಭವ್ಯಶ್ರೀ ಮುಂದೆ, ಎದೆಗೆ ಕೈ ಕಟ್ಟಿಕೊಂಡು. ಹಿಂದಿನ ಸದ್ದು ನಿಂತಿತು. ನಾನೂ ನಿಂತೆ.

"ಬೇಲಿ ಗುಂಟ ತಿರುಗು," ಕೂಗಿದ ಕಾಂತರಾಜು.

"ತಿರುಗಲ್ಲ."

"ಏನಮ್ಮಿ?"

"ತಿರುಗಲ್ಲ ಅಂದೆ. ಇದ್ನೂ ಒರಲ್ಲ."

ಉಂಡೆಯನ್ನು ಎರಡೂ ಕೈಯಲ್ಲಿ ಎತ್ತಿದೆ. ನೀರು ನನ್ನ ಮೈಮೇಲೆ ಚೆಲ್ಲಿತು. ಬೇಲಿಗಲ್ಲಿನ ಮೇಲೆ ಎತ್ತಿ ಹಾಕಿದೆ. ಠಣ್ ಅಂತು. ಒಡೆಯಲಿಲ್ಲ. ಉರುಳಿಕೊಂಡು ಹೋಗಿ ಕಾಂತರಾಜುವಿನ ಬೂಟಿನ ಹತ್ತಿರ ನಿಂತಿತು.

"ಒಡೀನಿಲ್ಲ ನೋಡಿ ಗೌಡ್ರೆ," ಅಂದೆ. "ನೀವು ಸಿಮೆಂಟು ಬೆರೆಸಿದ್ರಿ, ಒಡೀನಿಲ್ಲ. ಅವತ್ತು ನಾನು ಆಡಿನ ಕೂದ್ಲು ಬೆರೆಸಿದ್ದೆ, ಒಡೀನಿಲ್ಲ. ಒಂಬತ್ತು ವರ್ಸದ ಕೂಸು ನಾನು. ಉಂಡೆ ಒಡದ್ರೆ ನಮ್ಮಪ್ಪನ್ನ ಕಟ್ಟಾಕಿ ಬಡೀತಾರೆ ಅಂತ ಬೆರೆಸ್ದೆ. ಒಲೆ ಮಣ್ಣು ಅದು. ಎಲ್ಲಿ ನಡದ್ರೂ ಒಡೀತಿರ್ನಿಲ್ಲ. ಅದುನ್ನ ಇಟ್ಕೊಂಡು ಮೂವತ್ತೊಂದು ಮನೇನ ಊರಿಂದ ಆಚ್ಗಾಕುದ್ರಿ."

ಕೊಡೆಗಳು ಅಲ್ಲಾಡಲಿಲ್ಲ.

ಕಾಂತರಾಜುವಿನ ಮುಖದಲ್ಲಿ ಮೊದಲು ಸಿಟ್ಟು ಬಂತು. ಆಮೇಲೆ ಅವನು ಬುದ್ಧಿವಂತನಾದ. ದನಿ ಇಳಿಸಿದ.

"ಯೋಚ್ನೆ ಮಾಡಿ ಮಾತಾಡು ಪುಟ್ಟತಾಯಿ. ಊರು ನಿಮ್ಮಪ್ಪನ್ನ ಸತ್ಯವಂತ ಅಂತದೆ. ನೀನೇ ನಿಮ್ಮಪ್ಪನ್ನ ಸುಳ್ಳ ಮಾಡ್ತೀಯಾ?"

ಅದು ಚುಚ್ಚಿತು. ಎಲ್ಲಿ ಚುಚ್ಚಬೇಕೋ ಅಲ್ಲೇ ಚುಚ್ಚಿದ. ಇದಕ್ಕೇ ಹೆದರಿ ನಾನು ನಲವತ್ತೆಂಟು ವರ್ಷ ಬಾಯಿ ಮುಚ್ಚಿಕೊಂಡಿದ್ದು. ಅಪ್ಪ ಕೇಳಿಸಿಕೊಳ್ಳುತ್ತಿದ್ದಾನೆ ಅಂತ ನನಗೆ ಗೊತ್ತಿತ್ತು.

"ನಮ್ಮಪ್ಪ ಸತ್ಯವಂತ್ನೇ," ಅಂದೆ. "ನೀವು ಕಲಿಸಿದ್ನ ನಡ್ದ. ನೀವು ಕಲಿಸಿದ್ದೇ ಸುಳ್ಳು."

"ಸುದರ್ಶನ್, ಆಫ್ ಮಾಡಯ್ಯ ಅದನ್ನ," ಕಾಂತರಾಜು ಅರಚಿದ. ಸುದರ್ಶನ್ ರಿಮೋಟ್ ಹಿಡಿದು ಆಕಾಶ ನೋಡುತ್ತಿದ್ದ. ಡ್ರೋನ್ ಇಳಿಯಲಿಲ್ಲ.

ನಾನು ಬೇಲಿಗಲ್ಲು ದಾಟಿ ಕೇರಿಯೊಳಗೆ ಹೋದೆ. ತಲೆಯ ಮೇಲೆ ಏನೂ ಇರಲಿಲ್ಲ. ಒರಳುಕಲ್ಲಿನ ಹತ್ತಿರ ನಿಂತು, "ಇದು ನಮ್ಮನೆ," ಅಂದೆ ಗಟ್ಟಿಯಾಗಿ. "ಇದು ತಿಮ್ಮಯ್ಯಂದು. ಇದು ಕೆಂಪಮ್ಮಂದು, ಇಲ್ಲಿ ಅವಳ ಬಚ್ಚಲುಕಲ್ಲು ಅದೆ." ದಡದಲ್ಲಿ ಗದ್ದಲವಾಯಿತು. ಭವ್ಯಶ್ರೀ ಇಳಿದು ಓಡಿ ಬರುತ್ತಿದ್ದಳು. ಅವಳ ಹಿಂದೆ ಉಳಿದವರು. ಮುದುಕರು ತಮ್ಮ ತಮ್ಮ ತಳಪಾಯದ ಕಲ್ಲು ಹುಡುಕಿ, ಅದರ ಮೇಲೆ ಹೋಗಿ ನಿಂತರು. ಮೂವತ್ತೊಂದು ಮನೆಯೂ ತುಂಬಿತು ಅಂತ ಹೇಳಲಾರೆ. ನಾಲ್ಕು ಮನೆಯಲ್ಲಿ ಹಳಬರು ಯಾರೂ ಉಳಿದಿಲ್ಲ. ಅಲ್ಲಿ ಸೊಸೆಯರು ನಿಂತರು. ಭವ್ಯಶ್ರೀ ನನ್ನ ಪಕ್ಕ ಬಂದು, ತನ್ನ ಚಪ್ಪಲಿ ಬಿಚ್ಚಿ ನನ್ನ ಕಾಲ ಬಳಿ ಇಟ್ಟಳು. ಹಾಕಿಕೊಂಡೆ.

ನೋಟೀಸಿನ ಗಡುವು ಇನ್ನೂ ಹನ್ನೆರಡು ದಿನ ಇದೆ. ಸಾಹೇಬರು ಏನು ಹೇಳುತ್ತಾರೋ ಗೊತ್ತಿಲ್ಲ. ಕಾಂತರಾಜು ಜೀಪು ಹತ್ತಿ ಹೋದ. ದಿಣ್ಣೆಯವರೂ ಕೊಡೆ ಮಡಚಿ ಒಬ್ಬೊಬ್ಬರೇ ಹೋದರು. ಮೇಷ್ಟ್ರು ಮಾತ್ರ ಬೇಲಿಗಲ್ಲಿನ ಆಚೆ ನಿಂತಿದ್ದರು. ಪಂಚೆ ಎತ್ತಿ ಹಿಡಿದು, ಕಲ್ಲು ದಾಟಿ ಈಚೆ ಬಂದರು. ನೋಟ್‌ಬುಕ್ ಬಿಚ್ಚಿದರು.

"ನಾನೂ ಈ ಕೇರಿ ನೋಡಿದ್ದೆ ಪುಟ್ಟತಾಯಿ," ಅಂದರು. "ಅಣೆಕಟ್ಟೆ ಮುಗಿಯೋ ವರ್ಷ ನಾನು ಇಲ್ಲಿಗೆ ಕೆಲಸಕ್ಕೆ ಬಂದೆ. ನೋಡಿದ್ದೆ. ಬರೀಲಿಲ್ಲ."

ನಾನು ಸಮಾಧಾನ ಹೇಳಲಿಲ್ಲ.

ಕಿವಿಯ ಹಿಂದೆ ನೀರು ಇಳಿಯಿತು. ಅಭ್ಯಾಸಬಲದಿಂದ ಒರೆಸಿಕೊಂಡೆ. ಈ ಸಲ ಕೈ ಒದ್ದೆಯಾಗಿತ್ತು.

"ನಿಮ್ಮ ತಂದೆಯ ಪುಟದಲ್ಲಿ ಸತ್ಯವಂತ ಕುಳವಾಡಿ ಅಂತ ಬರೆದಿದ್ದೀನಿ," ಅಂದರು ಮೇಷ್ಟ್ರು. "ಅದನ್ನ ಏನು ಮಾಡಲಿ?"

"ಗೀಟಾಕಿ ಸಾ," ಅಂದೆ. "ದೇವಯ್ಯ ಅಂತ ಬರ್ಕೊಳಿ. ಊರು, ತೊರೆಗುಡ್ಲು."